ಮೇ 31ರ ಹುಗ್ಗಿ

ನಮ್ಮ ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಲ್ಲಿ ಆ ತಲೆಮಾರಿನ ಗುರೂಜಿಗಳಲ್ಲಿ ಬಹಳ ಮಂದಿ ಜೂನ್ 1ರಂದೇ ಹುಟ್ಟಿದವರು. ಹೆತ್ತವ್ವನಿಗೆ ಗೊತ್ತಿದ್ದದ್ದು ‘ಕಾರಹುಣ್ಣಿವಿ ಮುಂದ’, ‘ದೊಡ್ಡ ಮಳಿ ಬಂದ ವರ್ಷ’ ಇಷ್ಟೇ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದದ್ದೇ ಜಾತಕ. ಅದರ ಪೆಟ್ಟು ಬೀಳುತ್ತಿದ್ದುದು ಮಾತ್ರ 58 ತುಂಬುವಾಗ. ಒಂದನೇ ತಾರೀಖು ಹುಟ್ಟಿದವರಿಗೆ ಸರಕಾರದ ಲೆಕ್ಕದಲ್ಲಿ ಹಿಂದಿನ ದಿನವೇ ನಿವೃತ್ತಿ, ಅಂದರೆ ಮೇ 31. ಶಾಲೆಗೆ ಸೂಟಿ, ಬಾವಿ ತಳ ಕಂಡಿರುತ್ತದೆ, ಬಿಸಿಲು ನಲವತ್ತು ದಾಟಿರುತ್ತದೆ, ಹುಡುಗರು ಅಜ್ಜಿಯ ಊರಲ್ಲಿ. ಬೀಳ್ಕೊಡುಗೆಗೆ ಇದಕ್ಕಿಂತ ಕೆಟ್ಟ ದಿನ ಪಂಚಾಂಗದಲ್ಲಿಲ್ಲ.

ನಮ್ಮ ಹೆಡ್ ಗುರೂಜಿಯ ಜನ್ಮದಿನಾಂಕ 1941ರ ಜೂನ್ 1. ಅಕ್ಕಲಕೋಟ ಸಂಸ್ಥಾನದಲ್ಲಿ ಹುಟ್ಟಿ, ಮುಂಬಯಿ ರಾಜ್ಯದಲ್ಲಿ ಕಲಿತು, 1999ರಲ್ಲಿ ಮಹಾರಾಷ್ಟ್ರದಲ್ಲಿ ನಿವೃತ್ತರಾಗುವವರಿದ್ದರು. ಮನೆ ಮಾತ್ರ ಅದೇ ಓಣಿಯ ಅದೇ ಮನೆ.

ಉಳಿದ ಶಿಕ್ಷಕರು ನಾವು ಐದು ಮಂದಿ, ನಾನೇ ಕಿರಿಯವ. ತಲಾ 150 ರೂಪಾಯಿ ವರ್ಗಣಿ ಹಾಕಿದೆವು. ಸೊಲ್ಲಾಪುರದ ಅಕ್ಕಲಕೋಟ ರೋಡಿನ ಎಮ್‌ಐಡಿಸಿಯಲ್ಲಿ ಮಗ್ಗದ ಕೆಲಸಕ್ಕಿದ್ದ ನಾಲ್ವರು ಹಳೆಯ ವಿದ್ಯಾರ್ಥಿಗಳು ಸೇರಿ 400 ಕೊಟ್ಟರು. ಒಟ್ಟು 1150. ಮಂಡಪದವನು ಒಬ್ಬನೇ 900 ಕೇಳಿದ.

ಇಲ್ಲೊಂದು ಪೇಚು. ಅಗ್ಗದಲ್ಲಿ ಕಾರ್ಯಕ್ರಮ ಮಾಡುವ ವಿದ್ಯೆ ನಮ್ಮ ಶಾಲೆಯಲ್ಲಿ ಒಬ್ಬರಿಗೇ ಗೊತ್ತಿತ್ತು, ಅದು ಗುರೂಜಿಗೆ. ಆಗಸ್ಟ್ 15 ಇರಲಿ, ಗ್ಯಾದರಿಂಗ್ ಇರಲಿ, ಹಗ್ಗದ ತುಂಡಿಗೂ ಅವರ ವಹಿಯಲ್ಲಿ ಲೆಕ್ಕ. ಅವರಿಗೆ ಗೊತ್ತಾಗದಂತೆ ಅವರ ಸಮಾರಂಭ ಮಾಡಬೇಕು, ಅವರನ್ನು ಕೇಳದೆ ಮಾಡಲು ಬಾರದು. ಕೊನೆಗೆ ನಮ್ಮೈವರಲ್ಲಿ ಒಬ್ಬರಾದ ಅಕ್ಕೋರು ಧೈರ್ಯ ಮಾಡಿದರು.

“ಗುರೂಜಿ, ನೂರೈವತ್ತ ಮಂದಿಗೆ ಹುಗ್ಗಿ ಅಂದ್ರ ಗೋಧಿ ಎಷ್ಟ ಬೇಕ್ರಿ?”

“ಯಾರ ಮನಿ ಲಗ್ನ?”

“ನಮ್ಮ ತಂಗೀ ಮಗಳದ್ರಿ.”

“ಹತ್ತ ಕಿಲೋ. ಬೆಲ್ಲಾನೂ ಅಷ್ಟ. ಗಸಗಸಿ ಭಾಳ ಹಾಕಬ್ಯಾಡ್ರಿ. ತುಟ್ಟಿ ಐತಿ, ಮ್ಯಾಲ ಮಂದಿ ಭಾಷಣದಾಗ ನಿದ್ದಿ ಮಾಡ್ತಾರ.”

ಲಗ್ನದಲ್ಲಿ ಭಾಷಣ ಎಲ್ಲಿಂದ ಬರಬೇಕು! ಅಕ್ಕೋರು ಸೆರಗು ಬಾಯಿಗಿಟ್ಟುಕೊಂಡೇ ಹೊರಗೆ ಬಂದರು.

ಅಲ್ಲಿಂದ ಮುಂದೆ ಮುಚ್ಚುಮರೆ ಉಳಿಯಲಿಲ್ಲ. ಮಂಡಪ ಬೇಡ, ಬೇವಿನ ಗಿಡ ಇದೆ, ಹೊತ್ತು ಇಳಿದ ಮೇಲೆ ಇಟ್ಟುಕೊಳ್ಳಿ ಎಂದು ಗುರೂಜಿಯೇ ಹೇಳಿದರು. ಹಂಡೆ, ಪಾತೇಲಿ ಗುಡಿಯವು. ರೊಟ್ಟಿ ಮನೆಗೆ ಹತ್ತು. “ಒಕ್ಕಲಿಗರ ಕಡೆ ರೊಕ್ಕ ಕೇಳಬ್ಯಾಡ್ರಿ. ಬಿತ್ತೂ ಮುಂದ ಅವರ ಕೈಯಾಗ ರೊಕ್ಕ ಇರೂದಿಲ್ಲ, ಕಾಳು ಇರತಾವ. ಕಾಳ ಕೇಳ್ರಿ.” ಕೇಳಿದೆವು. ಗೋಧಿ ಹತ್ತು ಕಿಲೋ ಬೇಕಿತ್ತು, ಹದಿನಾಲ್ಕು ಬಂತು. ಒಬ್ಬರು ಬುಟ್ಟಿ ತುಂಬ ಬದನೆಕಾಯಿ ಇಳಿಸಿ, ತಮ್ಮ ಮಗ ಮೂರನೆಯತ್ತೆಯಲ್ಲಿ ಎರಡು ಸಲ ಕೂತದ್ದನ್ನು ನೆನೆಸಿ ನಕ್ಕು ಹೋದರು.

ಶಾಲು ತರಲು ನಾನು ಎಸ್.ಟಿ. ಹತ್ತಿ ಸೊಲ್ಲಾಪುರಕ್ಕೆ ಹೋದೆ. ಪೇಟೆಯಲ್ಲಿ ಒಳ್ಳೆಯ ಶಾಲು 300ಕ್ಕೆ ಕಡಿಮೆ ಇರಲಿಲ್ಲ. ಮಗ್ಗದ ಹುಡುಗ ನನ್ನನ್ನು ತನ್ನ ಕಾರ್ಖಾನೆಗೆ ಕರೆದೊಯ್ದು ಸೆಕೆಂಡ್ ಮಾಲಿನ ರಾಶಿ ತೋರಿಸಿದ. “ಶಾಲ್ ಯಾಕ್ರಿ ಸರ್, ಚಾದರ ಹೊಚ್ಚೂಣ. ಸೊಲ್ಲಾಪುರದ್ದು.” ಜಕಾರ್ಡ್ ಮಗ್ಗದಲ್ಲಿ ರಟ್ಟಿನ ತೂತುಗಳೇ ಹೂವಿನ ಚಿತ್ರ ಬರೆಸುವುದು. ನಡುವೆ ಒಂದೆಳೆ ಹರಿದರೆ ಹೂವಿಗೆ ಪೆಟ್ಟು. ನಾನು ಆರಿಸಿದ ಚಾದರದಲ್ಲಿ ಮೂಲೆಯ ಹೂವಿಗೆ ಒಂದು ಪಕಳೆ ಇರಲಿಲ್ಲ. 130 ರೂಪಾಯಿ.

ಸಮಾರಂಭದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕೇಂದ್ರಪ್ರಮುಖರು ಮರಾಠಿಯಲ್ಲಿ ಮಾತಾಡಿದರು, ಊರವರು ಕನ್ನಡದಲ್ಲಿ. ಗುರೂಜಿ ಎರಡರಲ್ಲೂ ಮಾತಾಡಿ, ಎರಡರಲ್ಲೂ ಗಂಟಲು ಕಟ್ಟಿ ಕೂತರು. ಆ ಸೆಕೆಯಲ್ಲಿ ಚಾದರ ಹೊದಿಸಿದರೆ ಒಂದು ಗಳಿಗೆ ಇಟ್ಟುಕೊಂಡು ತೆಗೆಯಬಹುದಿತ್ತು, ತೆಗೆಯಲಿಲ್ಲ. ಹುಗ್ಗಿಯ ಪಂಕ್ತಿ ಏಳುವ ತನಕ ಬೆವರು ಒರೆಸುತ್ತ ಅದರೊಳಗೇ ಇದ್ದರು. ಆಮೇಲೆ ವಹಿ ತರಿಸಿ ನಮ್ಮ ಲೆಕ್ಕ ನೋಡಿದರು. ಹದಿನಾಲ್ಕು ರೂಪಾಯಿ ಉಳಿದಿತ್ತು. “ಗುಡಿ ಹಂಡೇಕ ಹುಣಸಿಹಣ್ಣ ತಂದು ತಿಕ್ಕಿಸಿ ಕೊಡ್ರಿ, ಕರ್ರಗ ಆಗ್ಯಾವ” ಎಂದು ಅದಕ್ಕೂ ದಾರಿ ತೋರಿಸಿದರು.

ಮುಂದಿನ ಜನವರಿ, ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಯಾತ್ರೆಗೆ ಅಕ್ಕೋರು ಮತ್ತು ನಾನು ಸೊಲ್ಲಾಪುರಕ್ಕೆ ಹೋಗಿದ್ದೆವು. ಏಳು ನಂದಿಕೋಲು ಬರುವ ಹೊತ್ತು, ಕೆರೆಯ ಕಡೆಯಿಂದ ತಣ್ಣನೆ ಗಾಳಿ. ಆ ಗದ್ದಲದಲ್ಲಿ ಚಾದರ ಹೊದ್ದು ನಿಂತವರು ನೂರಾರು ಮಂದಿ. ಅವರಲ್ಲೊಬ್ಬರು ನಮ್ಮ ಕಡೆ ಕೈಬೀಸಿದರು. ಹತ್ತಿರ ಹೋದೆವು. ಪಕಳೆ ಇಲ್ಲದ ಹೂವು ಸರಿಯಾಗಿ ಹೆಗಲ ಮೇಲೇ ಇತ್ತು. ನಾನು ನಾಚಿ, ಮೂಲೆಯನ್ನು ಒಳಗೆ ಮಡಚಲು ಕೈಚಾಚಿದೆ.

“ಇರ್ಲಿ ಬಿಡ್ರಿ” ಎಂದರು. “ಎಲ್ಲಾರ ಹೆಗಲ ಮ್ಯಾಲೂ ಇದ ಚಾದರ. ಮಠದಾಗ ತೆಗದಿಟ್ರ ನಂದ ಯಾವ್ದು ಅಂತ ಗುರ್ತ ಸಿಗಬೇಕಲ್ಲ.”

ಆಮೇಲೆ ಒಂದು ಪೊಟ್ಟಣ ಶೇಂಗಾ ಕೊಂಡು ಮೂವರಿಗೂ ಸರಿಯಾಗಿ ಹಂಚಿದರು.