ಎದುರಾಳಿ ಅಳಿಸದೆ ಉಳಿಸಿದ್ದು

ಹೈದರಾಬಾದ್ ಬೆಳೆದ ಬಗ್ಗೆ ಮಾತು ಬಂದರೆ ಚಂದ್ರಬಾಬು ನಾಯ್ಡು ಹೆಸರು ಮೊದಲು ಬರುತ್ತದೆ. ವೈ.ಎಸ್. ರಾಜಶೇಖರ ರೆಡ್ಡಿ ಎಂದರೆ ಮಾತು ಪಂಪ್‌ಸೆಟ್ಟು, ಆಸ್ಪತ್ರೆಗಳ ಕಡೆ ತಿರುಗುತ್ತದೆ. ಒಬ್ಬರು ನಗರಕ್ಕೆ, ಇನ್ನೊಬ್ಬರು ಹಳ್ಳಿಗೆ. ಹೀಗೆ ಪಾಲು ಮಾಡಿಬಿಡುವುದು ಸುಲಭ, ಆದರೆ ಅದು ಅರ್ಧ ಸತ್ಯ.

ಇಬ್ಬರೂ ರಾಯಲಸೀಮೆಯವರು. ವಯಸ್ಸಿನಲ್ಲಿ ಒಂದು ವರ್ಷದ ಅಂತರವೂ ಇಲ್ಲ. 1978ರಲ್ಲಿ ಇಬ್ಬರೂ ಮೊದಲ ಸಲ ಶಾಸಕರಾದರು, ಟಿ. ಅಂಜಯ್ಯ ಅವರ ಸಂಪುಟದಲ್ಲಿ ಜೊತೆಗೇ ಮಂತ್ರಿಗಳಾಗಿದ್ದರು. ಮುಂದೆ ನಾಯ್ಡು ಮಾವ ಎನ್.ಟಿ. ರಾಮರಾವ್ ಅವರ ತೆಲುಗುದೇಶಂ ಸೇರಿದರು, 1995ರಲ್ಲಿ ಆ ಮಾವನನ್ನೇ ಇಳಿಸಿ ಮುಖ್ಯಮಂತ್ರಿಯಾದರು. ರೆಡ್ಡಿ ಕಾಂಗ್ರೆಸ್ಸಿನಲ್ಲೇ ಉಳಿದು, ಅದೇ ಕುರ್ಚಿಗೆ 2004ರವರೆಗೆ ಕಾದರು.

ನಾಯ್ಡು ಜಗತ್ತಿನ ಕಣ್ಣಿಗೆ ಬೀಳುವ ರಾಜಕಾರಣ ಮಾಡಿದರು. 1998ರಲ್ಲಿ ಮಾದಾಪುರದ ಸೈಬರ್ ಟವರ್ಸ್ ಅನ್ನು ವಾಜಪೇಯಿ ಉದ್ಘಾಟಿಸಿದರು, ಮೈಕ್ರೋಸಾಫ್ಟ್ ಬಂತು. ಬೆಂಗಳೂರಿನಲ್ಲಿ ಎಸ್.ಎಂ. ಕೃಷ್ಣ ಪ್ರತಿ ಹೆಜ್ಜೆಗೂ ಹೈದರಾಬಾದಿನೊಂದಿಗೆ ಹೋಲಿಕೆ ಕೇಳಬೇಕಾಯಿತು. 2000ದ ಮಾರ್ಚ್‌ನಲ್ಲಿ ಕ್ಲಿಂಟನ್ ಹೈದರಾಬಾದಿಗೆ ಬಂದುಹೋದರು. ಅದೇ ವರ್ಷದ ಆಗಸ್ಟ್ 28ರಂದು, ವಿದ್ಯುತ್ ದರ ಏರಿಕೆ ವಿರೋಧಿಸಿ ವಿಧಾನಸಭೆಯತ್ತ ಹೊರಟವರ ಮೇಲೆ ಬಷೀರ್‌ಬಾಗಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಪ್ರಾಣಗಳು ಹೋದವು. ಅವರ ಆಡಳಿತದ ಸಾಧನೆ, ಕುರುಡು ಎರಡೂ ಆ ಒಂದು ವರ್ಷದಲ್ಲಿವೆ.

ರೆಡ್ಡಿ ಆ ಕುರುಡನ್ನೇ ಹಿಡಿದು ನಡೆದರು, ಅಕ್ಷರಶಃ. 2003ರ ಬೇಸಿಗೆಯಲ್ಲಿ ಹೈದರಾಬಾದ್ ಪಕ್ಕದ ಚೇವೆಳ್ಳದಿಂದ ಒಡಿಶಾ ಗಡಿಯ ಇಚ್ಛಾಪುರದವರೆಗೆ ಪಾದಯಾತ್ರೆ. ಮರುವರ್ಷ ತೆಲುಗುದೇಶಂ 294ರಲ್ಲಿ 47 ಸ್ಥಾನಕ್ಕೆ ಇಳಿಯಿತು. 2004ರ ಮೇ 14ರಂದು ಎಲ್.ಬಿ. ಕ್ರೀಡಾಂಗಣದಲ್ಲಿ ಹೊಸ ಮುಖ್ಯಮಂತ್ರಿಯ ಮೊದಲ ಸಹಿ ಬಿದ್ದದ್ದು ರೈತರ ಉಚಿತ ವಿದ್ಯುತ್ತಿಗೆ. 2007ರಲ್ಲಿ ಆರೋಗ್ಯಶ್ರೀ ಬಂತು. ಕರ್ನಾಟಕದ ಯಶಸ್ವಿನಿಯಲ್ಲಿ ಸಹಕಾರಿ ಸದಸ್ಯರು ವಂತಿಗೆ ಕಟ್ಟಬೇಕಿತ್ತು. ಇಲ್ಲಿ ಬಡವರ ಬಿಳಿ ಪಡಿತರ ಚೀಟಿ ಸಾಕು, ದೊಡ್ಡ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆಯುತ್ತಿತ್ತು. ಸರ್ಕಾರಿ ಆಸ್ಪತ್ರೆಗೆ ಹೋಗಬೇಕಿದ್ದ ಹಣ ಖಾಸಗಿಯವರ ಪಾಲಾಯಿತು ಎಂಬ ಟೀಕೆಯೂ ಅದರ ಜೊತೆಗೇ ಬಂತು. ನೀರಾವರಿ, ಭೂಮಿ ಹಂಚಿಕೆಗಳ ಸುತ್ತ ಎದ್ದ ಆರೋಪಗಳು 2009ರ ಸೆಪ್ಟೆಂಬರ್ 2ರ ಹೆಲಿಕಾಪ್ಟರ್ ದುರಂತದ ನಂತರವೂ ತಣ್ಣಗಾಗಲಿಲ್ಲ.

ಇಬ್ಬರನ್ನೂ ಅಳೆಯಲು ಇನ್ನೊಂದು ದಾರಿ ಇದೆ: ಎದುರಾಳಿ ಬಂದಾಗ ಏನನ್ನು ಕೈಬಿಡಲಿಲ್ಲ ಎಂದು ನೋಡುವುದು. ಶಂಶಾಬಾದ್ ವಿಮಾನ ನಿಲ್ದಾಣದ ಯೋಚನೆ ನಾಯ್ಡು ಕಾಲದ್ದು; 2008ರಲ್ಲಿ ಅದು ತೆರೆದದ್ದು ರೆಡ್ಡಿ ಕಾಲದಲ್ಲಿ. ನಗರವನ್ನು ಸುತ್ತುವ 158 ಕಿಲೋಮೀಟರ್ ಹೊರವರ್ತುಲ ರಸ್ತೆಯ ಕೆಲಸಕ್ಕೆ ವೇಗ ಸಿಕ್ಕಿದ್ದೂ ಆಗಲೇ. ಇನ್ನು ಉಚಿತ ವಿದ್ಯುತ್ ಆಗದ ಮಾತು ಎನ್ನುತ್ತಿದ್ದ ನಾಯ್ಡು, 2014ರಲ್ಲಿ ಆಂಧ್ರದಲ್ಲಿ ಮತ್ತೆ ಅಧಿಕಾರಕ್ಕೆ ಬಂದಾಗ ಅದನ್ನು ಮುಂದುವರಿಸಿದರು. ಆರೋಗ್ಯಶ್ರೀಗೆ ಎನ್‌ಟಿಆರ್ ವೈದ್ಯ ಸೇವೆ ಎಂದು ಹೆಸರು ಬದಲಿಸಿದರು, ಯೋಜನೆಯನ್ನು ಉಳಿಸಿಕೊಂಡರು.

ರಾಜ್ಯ ಎರಡಾಯಿತು. ಹೈದರಾಬಾದ್ ತೆಲಂಗಾಣಕ್ಕೆ ಸೇರಿತು. ಇಬ್ಬರನ್ನೂ ಹೊರಗಿನವರೆಂದು ಟೀಕಿಸಿದ ಚಳವಳಿಯೇ ಅಲ್ಲಿ ಸರ್ಕಾರವಾದಾಗ, ಅದು ಐಟಿ ಕಂಪನಿಗಳನ್ನೂ ಕರೆಯಿತು, ಆರೋಗ್ಯಶ್ರೀಯನ್ನೂ ನಡೆಸಿತು. ಬೆಂಗಳೂರಿಗೆ ರಸ್ತೆ ಬೇಕೋ, ಬಡವರಿಗೆ ಗ್ಯಾರಂಟಿ ಬೇಕೋ ಎಂದು ಕರ್ನಾಟಕದಲ್ಲಿ ಈಗ ನಡೆಯುತ್ತಿರುವ ಜಗಳಕ್ಕೆ ಹೈದರಾಬಾದಿನ ಉತ್ತರ ಇಷ್ಟೇ: ಒಂದನ್ನು ಮರೆತವರು 2004ರಲ್ಲಿ ಸೋತರು, ಗೆದ್ದವರು ಇನ್ನೊಂದನ್ನು ಕೆಡವಲಿಲ್ಲ.