ಕೊನೆ ಬಸ್ ಎಷ್ಟಕ್ಕೆ?

ಕೋವಿಡ್ ಬಂದ ಮೇಲೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಲ್ಯಾಪ್‌ಟಾಪ್ ಹೊತ್ತು ಆನೆಗೊಂದಿ, ಸಾಣಾಪುರದ ಕಡೆ ಬಂದು ಕೂತು ಕೆಲಸ ಮಾಡತೊಡಗಿದರು. ಅದಕ್ಕೆ ರಿಮೋಟ್ ವರ್ಕ್ ಎಂಬ ಹೆಸರಿದೆ ಎಂದು ಆಗ ತಿಳಿಯಿತು. ನಾವು ಸ್ಟ್ರಿಂಗರ್‌ಗಳು ಡಿಪ್ಲೊಮಾ ಮುಗಿಸಿದ ದಿನದಿಂದ ಮಾಡುತ್ತಿರುವುದು ಅದನ್ನೇ. ಆಫೀಸಿನಲ್ಲಿ ನಮಗೆ ಕುರ್ಚಿ ಇಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚು, ಖಾನಾವಳಿಯ ಮೂಲೆ ಟೇಬಲ್, ತಹಶೀಲ್ದಾರ್ ಕಚೇರಿಯ ಜಗಲಿ, ಎಲ್ಲಿ ಕೂತರೆ ಅದೇ ಬ್ಯೂರೊ. ಅವರಿಗೆ ತಿಂಗಳ ಸಂಬಳ, ನಮಗೆ ಸುದ್ದಿ ಲೆಕ್ಕ. ಬಸ್ ಚಾರ್ಜು, ಊಟ, ರೂಮು ಎಲ್ಲ ನಮ್ಮ ಕೈಯಿಂದಲೇ.

ಹಾಗಾಗಿ ಕೊಪ್ಪಳ, ವಿಜಯನಗರ ಜಿಲ್ಲೆಗಳಲ್ಲಿ ಓಡಾಡುವ ನಾವು ಮೂವರು ಸೇರಿ ಒಂದು ಆ್ಯಪ್ ಕಟ್ಟುತ್ತಿದ್ದೇವೆ. ಊರೂರು ತಿರುಗುತ್ತಲೇ ದುಡಿಯುವವರಿಗೆ, ಜೇಬಿನಲ್ಲಿ ಐದುನೂರು ಇಟ್ಟುಕೊಂಡು ಹೊರಟವರಿಗೆ. ಒಬ್ಬನಿಗೆ ಕೋಡಿಂಗ್ ಅಲ್ಪಸ್ವಲ್ಪ ಬರುತ್ತದೆ, ಉಳಿದಿಬ್ಬರದು ನೋಟ್‌ಬುಕ್ಕು, ಪೆನ್ಸಿಲ್ಲು.

ಪ್ರವಾಸದ ಆ್ಯಪ್‌ಗಳನ್ನು ತೆರೆದರೆ ಮೊದಲ ಪ್ರಶ್ನೆ, ಎಲ್ಲಿಗೆ ಹೋಗಬೇಕು? ಅದು ನಮಗೆ ಗೊತ್ತೇ ಇರುತ್ತದೆ. ನಮ್ಮ ಮೊದಲ ಪುಟದಲ್ಲಿ ಇರುವುದು ಬೇರೆ ಪ್ರಶ್ನೆಗಳು: ಕೈಯಲ್ಲಿ ಎಷ್ಟಿದೆ, ಕೆಲಸ ಎಷ್ಟು ಗಂಟೆಗೆ ಕಳಿಸಬೇಕು, ರಾತ್ರಿ ವಾಪಸ್ ಬರಬೇಕಾ. ಉತ್ತರ ಕೊಟ್ಟ ಕೂಡಲೇ ದಪ್ಪ ಅಕ್ಷರದಲ್ಲಿ ಕೊನೆ ಬಸ್ಸಿನ ಹೊತ್ತು ಬರುತ್ತದೆ. ಮಿಕ್ಕಿದ್ದೆಲ್ಲ ಅದರ ಕೆಳಗೆ. ಕೊನೆ ಬಸ್ ತಪ್ಪಿದರೆ ಆವತ್ತಿನ ಸುದ್ದಿಯ ದುಡ್ಡು ಲಾಡ್ಜಿನವನಿಗೆ.

ಇಂಟರ್ನೆಟ್ ವೇಗವನ್ನು ಎಂಬಿಪಿಎಸ್‌ನಲ್ಲಿ ತೋರಿಸಬಾರದು ಎಂಬುದು ಬೇಗ ತೀರ್ಮಾನವಾಯಿತು. ಯಾರಿಗೆ ಅರ್ಥವಾಗುತ್ತದೆ? ಮೂರು ಗುರುತು ಸಾಕು: ಬರಹ ಹೋಗುತ್ತೆ, ಫೋಟೊ ಹೋಗುತ್ತೆ, ವಿಡಿಯೊ ಹೋಗುತ್ತೆ. ಬರಹಕ್ಕೆ ಕೆಲವು ಕೆಬಿ ಸಾಕು, ಫೋಟೊಗೆ ಎರಡು ಮೂರು ಎಂಬಿ ಬೇಕು, ವಿಡಿಯೊ ಅಂದರೆ ನೂರು ದಾಟುತ್ತದೆ. ಜೊತೆಗೆ ಪ್ಲಗ್ ಪಾಯಿಂಟ್ ಎಲ್ಲಿದೆ, ಅದರಲ್ಲಿ ಕರೆಂಟ್ ಇದೆಯಾ ಎಂಬುದೂ ಬೇಕು. (ಪ್ಲಗ್ ಇದ್ದು ಕರೆಂಟ್ ಇಲ್ಲದ ಜಾಗಗಳದ್ದೇ ಬೇರೆ ಪಟ್ಟಿ ಮಾಡಬಹುದು.) ನೆಟ್‌ವರ್ಕ್ ಹೋದಾಗಲೇ ಈ ಮಾಹಿತಿ ಬೇಕಾಗುವುದರಿಂದ ಇಡೀ ಜಿಲ್ಲೆಯ ಪಟ್ಟಿ ಮೊದಲೇ ಫೋನಿನೊಳಗೆ ಇಳಿದಿರುತ್ತದೆ.

ದರ ಬರೆಯುವುದು ಅಷ್ಟು ಸುಲಭವಲ್ಲ. 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿತು; ಹಳೆಯ ಬ್ಲಾಗುಗಳಲ್ಲಿ ಹಳೆಯ ದರವೇ ಕೂತಿದೆ. ಹಂಪಿಯ ಎದುರು ದಡದ ವಿರೂಪಾಪುರಗಡ್ಡಿ ಅಗ್ಗದ ಗೆಸ್ಟ್‌ಹೌಸ್‌ಗಳಿಗೆ ಹೆಸರಾಗಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವನ್ನೆಲ್ಲ ತೆರವು ಮಾಡಿದರು. ಈಗಲೂ ಅದನ್ನು ಹುಡುಕಿಕೊಂಡು ಬರುವವರು ಸಿಗುತ್ತಾರೆ. ಆದ್ದರಿಂದ ನಮ್ಮ ಪಟ್ಟಿಯ ಪ್ರತಿ ಸಾಲಿನ ಪಕ್ಕ ಕೊನೆಯ ಬಾರಿ ಹೋಗಿ ನೋಡಿದ ತಿಂಗಳು ಇರುತ್ತದೆ. ತಿಂಗಳಿಲ್ಲದ ಸಾಲು ಕಾಣಿಸುವುದೇ ಇಲ್ಲ.

ಹೊಳೆಯ ಲೆಕ್ಕವೂ ಬೇಕು. ಹಂಪಿಯಿಂದ ಆಚೆ ದಡಕ್ಕೆ ದೋಣಿಯಲ್ಲಿ ಕೆಲವೇ ನಿಮಿಷ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಸೇತುವೆ ಹುಡುಕಿಕೊಂಡು ಸುತ್ತಿ ಹೋಗಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಅಂಥ ವಾರದಲ್ಲಿ ಎಲ್ಲ ಊರಿನ ವರದಿಗಾರರೂ ಒಂದೇ ಕಡೆ ಸೇರುತ್ತಾರೆ. ಕ್ಯಾಮೆರಾ ಟೀಮ್‌ಗಳು ಕಾರಿನಲ್ಲಿ ಬಂದು ಮೊದಲು ರೂಮ್ ಹಿಡಿಯುತ್ತವೆ. ಬಸ್ಸಿನಲ್ಲಿ ಬಂದವರು ಕೊನೆಗೆ ಮುಟ್ಟುತ್ತಾರೆ.

ನಮ್ಮೊಳಗೇ ಜಗಳವಾದದ್ದು ಊಟದ ವಿಷಯಕ್ಕೆ. ಗವಿಮಠದ ಜಾತ್ರೆಯ ದಾಸೋಹವನ್ನು ‘₹0’ ಎಂದು ಹಾಕೋಣ ಎಂದು ಒಬ್ಬ ಹೇಳಿದ. ಇನ್ನಿಬ್ಬರೂ ಒಪ್ಪಲಿಲ್ಲ. ಪ್ರಸಾದವನ್ನು ರೇಟಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮನೆಯಲ್ಲಿ ಅವ್ವಂದಿರು ಸುಮ್ಮನಿರುತ್ತಾರೆಯೇ? ದಾಸೋಹ ಊರಿನ ಪರಿಚಯದ ಪುಟದಲ್ಲಿ ಇದೆ, ಅಗ್ಗದ ಊಟದ ಪಟ್ಟಿಯಲ್ಲಿ ಇಲ್ಲ.

ಆದರೆ ಆ್ಯಪ್ ನಿಂತಿರುವುದು ಬೇರೊಂದು ಕಾಲಂ ಮೇಲೆ. ಅದನ್ನು ಹಾಕಿಸಿದವಳು ನಮ್ಮಲ್ಲಿ ಒಬ್ಬಳೇ ಇರುವ ಹೆಣ್ಣುಮಗಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ನಾವು ಗಂಡಸರು ಅವಳದು ನಮಗಿಂತ ಅಗ್ಗದ ಪ್ರಯಾಣ ಎಂದು ಲೆಕ್ಕ ಹಾಕಿದ್ದೆವು. ಅವಳು ತನ್ನ ಡೈರಿ ತೆಗೆದು ಓದಿದಳು. ಒಂದು ರಾತ್ರಿ ಮೂರು ಲಾಡ್ಜ್ ಹತ್ತಿ ಇಳಿದಿದ್ದಾಳೆ. “ಒಬ್ಬರಿಗೆ ರೂಮ್ ಕೊಡಂಗಿಲ್ರೀ ಮೇಡಂ, ಜೊತಿಗೆ ಯಾರರ ಇದ್ರ ಹೇಳ್ರಿ.” ಪ್ರೆಸ್ ಕಾರ್ಡ್ ತೋರಿಸಿದರೆ ಇನ್ನೂ ಭಯ. ಆಧಾರ್‌ನಲ್ಲಿ ಇದೇ ಜಿಲ್ಲೆಯ ವಿಳಾಸ ಕಂಡರೆ ಮುಗಿದೇ ಹೋಯಿತು, “ಲೋಕಲ್‌ನವ್ರಿಗೆ ಕೊಡಂಗಿಲ್ಲ.” ಕೊನೆಗೆ ನಾನೂರರ ರೂಮ್ ಬಿಟ್ಟು ಒಂಬೈನೂರು ಕೊಟ್ಟಿದ್ದಾಳೆ, ಇಲ್ಲವೇ ಬಸ್ ನಿಲ್ದಾಣದಲ್ಲಿ ಕೂತು ಬೆಳಗು ಮಾಡಿದ್ದಾಳೆ. ಸುದ್ದಿ ಮಾತ್ರ ಹತ್ತು ಗಂಟೆಯೊಳಗೆ ಡೆಸ್ಕ್ ಮುಟ್ಟಿತ್ತು.

ಆ ಕಾಲಂ ಹೆಸರು ‘ಒಬ್ಬಳೇ ಹೋದರೆ ಕೊಡ್ತಾರಾ?’ ಅದನ್ನು ತುಂಬುವ ಹಕ್ಕು ಹೆಂಗಸರಿಗೆ ಮಾತ್ರ. ಫೋನಿನಲ್ಲಿ ಹೂಂ ಅಂದವರು ಕೌಂಟರಿನಲ್ಲಿ ಮುಖ ನೋಡಿ ಊಹೂಂ ಅನ್ನುವುದರಿಂದ ಫೋನ್ ಉತ್ತರವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾರು, ಯಾವ ದಿನ ಉಳಿದರು ಎಂಬುದೂ ಎಲ್ಲೂ ದಾಖಲಾಗುವುದಿಲ್ಲ. ಒಬ್ಬಂಟಿ ಹೆಣ್ಣುಮಗಳು ಇಂದು ರಾತ್ರಿ ಎಲ್ಲಿದ್ದಾಳೆ ಎಂದು ಹೇಳುವ ಆ್ಯಪ್ ಕಟ್ಟುವುದಕ್ಕಿಂತ ಕಟ್ಟದಿರುವುದು ಲೇಸು. ಹೊಸ ಫೋನಿನಲ್ಲಿ ಪ್ರತಿ ಸಲ ಲೊಕೇಶನ್ ಕೇಳುವ ಬಾಕ್ಸ್ ಬರುತ್ತದಲ್ಲ, ಅದನ್ನೂ ತೆಗೆಸಿದ್ದಾಳೆ. ಊರಿನ ಹೆಸರನ್ನು ಬಳಸುವವರೇ ಒತ್ತಿ ಆರಿಸಬೇಕು.

ಸದ್ಯಕ್ಕೆ ಇದು ಮೂರು ಫೋನಿನಲ್ಲಿ ಓಡುತ್ತಿದೆ. ಗಂಗಾವತಿ, ಹೊಸಪೇಟೆಯ ಸಾಲುಗಳು ಒಂದಷ್ಟು ತುಂಬಿವೆ. ಕುಷ್ಟಗಿಯಲ್ಲಿ ಆ ಕಾಲಂ ಇನ್ನೂ ಖಾಲಿ. ಬರುವ ಗುರುವಾರ ಅವಳಿಗೆ ಅಲ್ಲೊಂದು ಸುದ್ದಿ ಇದೆ. ನಾವಿಬ್ಬರೂ ಕೊನೆ ಬಸ್ ಹೊರಡುವ ತನಕ ಫೋನ್ ಆನ್ ಇಟ್ಟುಕೊಂಡಿರುತ್ತೇವೆ.