ಉಪವಾಸ, ಹಸಿವು ಮತ್ತು ಅವಮೌದರ್ಯ

ಉಪವಾಸಕ್ಕೆ ಅನೇಕ ಧರ್ಮಗಳಲ್ಲಿ ಗೌರವದ ಸ್ಥಾನವಿದೆ. ಮುಸ್ಲಿಮರು ರಂಜಾನ್ ಮಾಸದಲ್ಲಿ ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ಅನ್ನನೀರುಗಳನ್ನು ತ್ಯಜಿಸಿ, ರಾತ್ರಿಯಲ್ಲಿ ಆಹಾರವನ್ನು ಸ್ವೀಕರಿಸುತ್ತಾರೆ. ಜೈನ ಶ್ರಾವಕನಾದರೋ ರಾತ್ರಿಭೋಜನವನ್ನು ತ್ಯಜಿಸಿ ಹಗಲಿನಲ್ಲಿ ಮಾತ್ರ ಉಣ್ಣುತ್ತಾನೆ. ಅಷ್ಟಮಿ, ಚತುರ್ದಶಿಗಳಲ್ಲಿಯೂ ದಶಲಕ್ಷಣ ಪರ್ವದಲ್ಲಿಯೂ ಶಕ್ತಿಯಿದ್ದಂತೆ ಉಪವಾಸವನ್ನೋ ಏಕಭುಕ್ತವನ್ನೋ ಕೈಗೊಳ್ಳುತ್ತಾನೆ. ಕ್ರಮಗಳು ಬೇರೆಯಾದರೂ ದೇಹದ ಮುಂದಿರುವ ಪ್ರಶ್ನೆ ಒಂದೇ: ಆಹಾರ ನಿಂತಾಗ ಒಳಗೆ ಏನಾಗುತ್ತದೆ? ವಿಶೇಷವಾಗಿ, ಅಧಿಕ ತೂಕವುಳ್ಳವರಲ್ಲಿ ಏನಾಗುತ್ತದೆ? ರಂಜಾನ್ ಉಪವಾಸವನ್ನು ಕುರಿತು ವೈದ್ಯವಿಜ್ಞಾನ ನಡೆಸಿರುವ ಅಧ್ಯಯನಗಳು ಅನೇಕ. ಅವುಗಳಿಂದ ಶ್ರಾವಕರೂ ತಿಳಿಯಬೇಕಾದುದಿದೆ.

ಊಟವಾದ ಬಳಿಕ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಎಂಬ ಹಾರ್ಮೋನು ಸ್ರವಿಸಿ, ರಕ್ತದಲ್ಲಿನ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುತ್ತದೆ. ಮಿಕ್ಕುದನ್ನು ಕೊಬ್ಬಾಗಿ ಕೂಡಿಡಲು ನೆರವಾಗುತ್ತದೆ. ಆಹಾರ ನಿಂತು ಕೆಲವು ಗಂಟೆಗಳು ಕಳೆದಾಗ ಇನ್ಸುಲಿನ್ ತಗ್ಗಿ, ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಮೇಲುಗೈ ಪಡೆಯುತ್ತದೆ. ಯಕೃತ್ತು ತನ್ನ ಸಂಗ್ರಹದಿಂದ ಸಕ್ಕರೆಯನ್ನು ಬಿಡುತ್ತದೆ. ಕ್ರಮೇಣ ಕೊಬ್ಬು ಕರಗಿ ಇಂಧನವಾಗುತ್ತದೆ. ಸ್ಥೂಲಕಾಯರಲ್ಲಿ ಅನೇಕರಿಗೆ ಇನ್ಸುಲಿನ್ ಅಧಿಕವಾಗಿದ್ದರೂ ದೇಹವು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಅಂತಹವರಿಗೆ ಉಪವಾಸದ ಬಿಡುವು ಹಿತಕರವೇ.

ಆದರೆ ಹಸಿವಿನ ಕಥೆ ಇಷ್ಟು ಸರಳವಲ್ಲ. ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನನ್ನು ಬೆಳಕಿಗೆ ತಂದರು. ಕೊಬ್ಬಿನ ಕೋಶಗಳಲ್ಲಿ ಹುಟ್ಟುವ ಇದು ‘ಸಂಗ್ರಹ ಸಾಕಷ್ಟಿದೆ’ ಎಂದು ಮಿದುಳಿಗೆ ತಿಳಿಸುತ್ತದೆ. ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರು 1999ರಲ್ಲಿ ಜಠರದಲ್ಲಿ ಹುಟ್ಟಿ ಹಸಿವನ್ನು ಕೆರಳಿಸುವ ಗ್ರೆಲಿನ್ ಅನ್ನು ಕಂಡುಹಿಡಿದರು. ಸ್ಥೂಲಕಾಯರಲ್ಲಿ ಲೆಪ್ಟಿನ್ ಹೇರಳವಾಗಿರುತ್ತದೆ. ಆದರೆ ಮಿದುಳು ಆ ಕರೆಗೆ ಕಿವಿಗೊಡುವುದಿಲ್ಲ. ತೂಕ ಇಳಿದಾಗಲಂತೂ ಲೆಪ್ಟಿನ್ ಕುಸಿದು ಗ್ರೆಲಿನ್ ಏರುತ್ತದೆ. ಮಿತಾಹಾರದಿಂದ ತೂಕ ಇಳಿಸಿಕೊಂಡವರಲ್ಲಿ ಒಂದು ವರ್ಷದ ಅನಂತರವೂ ಈ ವ್ಯತ್ಯಾಸ ಉಳಿದಿತ್ತೆಂದು 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನ ತೋರಿಸಿತು. ಆದುದರಿಂದ ಸ್ಥೂಲಕಾಯನ ಹಸಿವನ್ನು ಕೇವಲ ಜಿಹ್ವಾಚಾಪಲ್ಯವೆಂದು ಹಳಿಯುವುದು ಅಜ್ಞಾನ. ಅವನು ಬಿಡುವ ಒಂದು ತುತ್ತಿನ ಹಿಂದೆ ಇತರರಿಗೆ ಕಾಣದ ಹೋರಾಟವಿರಬಹುದು.

ರಂಜಾನ್ ಅಧ್ಯಯನಗಳ ಒಟ್ಟು ತಾತ್ಪರ್ಯವೂ ವಿಚಾರಾರ್ಹ. ತಿಂಗಳ ಉಪವಾಸದಿಂದ ತೂಕ ತುಸು ಇಳಿಯುತ್ತದೆ. ಕೆಲವೇ ವಾರಗಳಲ್ಲಿ ಬಹುಪಾಲು ಮರಳುತ್ತದೆ. ಲೆಪ್ಟಿನ್, ಗ್ರೆಲಿನ್‌ಗಳ ಏರಿಳಿತದಲ್ಲಿ ಎಲ್ಲ ಅಧ್ಯಯನಗಳೂ ಒಂದೇ ಮಾತನ್ನಾಡುವುದಿಲ್ಲ. ರಾತ್ರಿಯ ಊಟದ ಪ್ರಮಾಣ, ಕರಿದ ಮತ್ತು ಸಿಹಿ ತಿಂಡಿಗಳು, ನಿದ್ರೆಯ ಕೊರತೆ ಇವೆಲ್ಲವೂ ಫಲವನ್ನು ಬದಲಿಸುತ್ತವೆ. ಉಣ್ಣುವ ಹೊತ್ತಿಗೂ ಮಹತ್ವವಿದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಪ್ರಯೋಗದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 8 ಮಂದಿ ಪುರುಷರು 5 ವಾರಗಳ ಕಾಲ ಮಧ್ಯಾಹ್ನ 3 ಗಂಟೆಯೊಳಗೆ ದಿನದ ಆಹಾರವನ್ನು ಮುಗಿಸಿದರು. ತೂಕ ಇಳಿಯದಿದ್ದರೂ ಅವರ ದೇಹ ಇನ್ಸುಲಿನ್‌ಗೆ ಹೆಚ್ಚು ಚೆನ್ನಾಗಿ ಸ್ಪಂದಿಸಿತು. ರಾತ್ರಿಭೋಜನ ತ್ಯಾಗವು ಅಹಿಂಸೆಗಾಗಿ ವಿಹಿತವಾದುದೇ ಹೊರತು ಆರೋಗ್ಯಕ್ಕಾಗಿ ಅಲ್ಲ. ಆದರೂ ಅದು ದೇಹಕ್ಕೆ ಪ್ರತಿಕೂಲವಲ್ಲವೆಂಬುದು ಸಂತೋಷದ ವಿಷಯ.

ತತ್ತ್ವಾರ್ಥಸೂತ್ರವು ಬಾಹ್ಯ ತಪಸ್ಸುಗಳನ್ನು ಎಣಿಸುವಾಗ ಅನಶನದ ಬೆನ್ನಿಗೇ ಅವಮೌದರ್ಯವನ್ನು ಹೇಳುತ್ತದೆ. ಅವಮೌದರ್ಯವೆಂದರೆ ಹೊಟ್ಟೆ ತುಂಬುವ ಮೊದಲೇ ಕೈತೊಳೆಯುವುದು. ಒಂದು ದಿನ ಉಪವಾಸವಿದ್ದು ಮರುದಿನದ ಪಾರಣೆಯಲ್ಲಿ ಹೋಳಿಗೆ, ತುಪ್ಪಗಳಿಂದ ಎರಡು ದಿನದ ಊಟವನ್ನು ತೀರಿಸಿಕೊಂಡರೆ ದೇಹಕ್ಕೂ ಲಾಭವಿಲ್ಲ, ಆತ್ಮಕ್ಕೂ ಲಾಭವಿಲ್ಲ. ಅನಶನವನ್ನು ಊರು ಕಾಣುತ್ತದೆ, ಸನ್ಮಾನಿಸುತ್ತದೆ. ಅವಮೌದರ್ಯವನ್ನು ಯಾರೂ ಕಾಣುವುದಿಲ್ಲ. ಸ್ಥೂಲಕಾಯನಿಗೆ ಅತ್ಯಂತ ಕಠಿಣವಾದುದೂ ಅತ್ಯಂತ ಉಪಯುಕ್ತವಾದುದೂ ಈ ಕಾಣದ ತಪಸ್ಸೇ. ಆದರೆ ತೂಕ ಇಳಿಯಲೆಂದೇ ವ್ರತ ಹಿಡಿಯುವವನು ಎಚ್ಚರದಿಂದಿರಬೇಕು. ತಪಸ್ಸಿಗೆ ಲೌಕಿಕ ಫಲವನ್ನು ಬಯಸುವುದನ್ನು ನಿದಾನವೆಂಬ ಶಲ್ಯವಾಗಿ ಆಚಾರ್ಯರು ಎಣಿಸಿದ್ದಾರೆ. ಆರೋಗ್ಯ ತಾನಾಗಿ ಬಂದರೆ ಬರಲಿ; ಅದು ವ್ರತದ ಗುರಿಯಾಗಬಾರದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಹೊಣೆಯಿದೆ. ಅಧಿಕ ತೂಕದವರಲ್ಲಿ ಮಧುಮೇಹ ಹೆಚ್ಚು. ಇನ್ಸುಲಿನ್ ಚುಚ್ಚುಮದ್ದನ್ನು ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರು ನಿರಾಹಾರವಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಅಂತಹವರು ವೈದ್ಯರ ಸಲಹೆಯಿಲ್ಲದೆ ಉಪವಾಸ ಹಿಡಿಯಬಾರದು. ‘ನೀವು ಈ ಸಲ ಉಪವಾಸ ಮಾಡಲಿಲ್ಲವೇ?’ ಎಂದು ಯಾರೂ ಅವರನ್ನು ಸಭೆಯಲ್ಲಿ ಕೇಳಬಾರದು. ಇಸ್ಲಾಂ ಸಹ ರೋಗಿಗಳಿಗೆ ವಿನಾಯಿತಿ ನೀಡಿದೆ. ತ್ಯಾಗ ಮತ್ತು ತಪಸ್ಸುಗಳು ಶಕ್ತಿಗನುಸಾರವಾಗಿರಬೇಕೆಂಬುದು ಜೈನಾಗಮದ ಸ್ಪಷ್ಟ ವಿಧಿ. ದಶಲಕ್ಷಣದ ಸನ್ಮಾನಪಟ್ಟಿಯಲ್ಲಿ ಹೆಸರಿಲ್ಲದ, ಆದರೆ ದಿನವೂ ಒಂದು ತುತ್ತು ಕಡಿಮೆ ಉಣ್ಣುವ ಶ್ರಾವಕಶ್ರಾವಕಿಯರೂ ತಪಸ್ವಿಗಳೇ ಎಂಬುದನ್ನು ಸಮಾಜ ಮನಗಾಣಬೇಕು. ಪಾರಣೆಯ ಪಂಕ್ತಿಯಲ್ಲಿ ಬೇಡವೆಂದವರಿಗೆ ಒತ್ತಾಯಿಸಿ ಬಡಿಸದಿರುವುದು ಅದರ ಮೊದಲ ಹೆಜ್ಜೆಯಾಗಲಿ.